ಜೇನ್ಸ್‌ವಿಲ್ ಕಾರ್ಮಿಕರ ಮರುತರಬೇತಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್‌ನಲ್ಲಿ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವರಿಗೆ ಸ್ಥಳೀಯವಾಗಿ ನಡೆದ ವೃತ್ತಿ ತರಬೇತಿ. 1923ರಿಂದ ಷೆವ್ರೊಲೆ ವಾಹನ ತಯಾರಿಸುತ್ತಿದ್ದ ಜನರಲ್ ಮೋಟರ್ಸ್ ಘಟಕದಿಂದ ಕೊನೆಯ ಟಾಹೊ ಎಸ್‌ಯುವಿ ಹೊರಬಂದದ್ದು 2008ರ ಡಿಸೆಂಬರ್ 23ರಂದು. ಸೀಟು ಪೂರೈಸುತ್ತಿದ್ದ ಲಿಯರ್ ಕಂಪನಿಯ ಘಟಕವೂ ಅದರ ಬೆನ್ನಿಗೇ ಮುಚ್ಚಿತು.

ತರಬೇತಿಯ ಭಾರ ಬಿದ್ದದ್ದು ಬ್ಲ್ಯಾಕ್‌ಹಾಕ್ ಟೆಕ್ನಿಕಲ್ ಕಾಲೇಜಿನ ಮೇಲೆ. ಶುಲ್ಕಕ್ಕೆ ಕೇಂದ್ರ ಸರ್ಕಾರದ ನೆರವು ದೊರೆಯಿತು. ವರ್ಷಗಟ್ಟಲೆ ಅಸೆಂಬ್ಲಿ ಲೈನಿನಲ್ಲಿ ದುಡಿದ ಕೆಲವರಿಗೆ ಕಂಪ್ಯೂಟರ್ ಆನ್ ಮಾಡುವುದೂ ಗೊತ್ತಿರಲಿಲ್ಲ. ಅಂಥವರಿಗೆ ಕಾಲೇಜು ಮೊದಲು ಅದನ್ನೇ ಕಲಿಸಬೇಕಾಯಿತು. ಕೆಲವು ನಡುವಯಸ್ಸಿನವರು ವಿದ್ಯುತ್ ಕಂಬ ಹತ್ತಲು ಕಲಿತರು. ಮತ್ತೆ ಕೆಲವರು ಅಪರಾಧ ನ್ಯಾಯ ವಿಷಯ ಓದಿ ಜೈಲು ಕಾವಲಿನ ಕೆಲಸಕ್ಕೆ ಸಿದ್ಧರಾದರು. ಇನ್ನು ಕೆಲವರು ಸಂಸಾರವನ್ನು ಊರಿನಲ್ಲೇ ಬಿಟ್ಟು ಇಂಡಿಯಾನಾದಲ್ಲಿರುವ ಜನರಲ್ ಮೋಟರ್ಸ್‌ನ ಫೋರ್ಟ್ ವೇನ್ ಘಟಕಕ್ಕೆ ವಾರವಿಡೀ ದುಡಿಯಲು ಹೋದರು.

ಪತ್ರಕರ್ತೆ ಏಮಿ ಗೋಲ್ಡ್‌ಸ್ಟೀನ್ ಈ ಊರಿನ ಕುರಿತು 2017ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, ಮರುತರಬೇತಿ ಪಡೆದವರಿಗೆ ಪಡೆಯದವರಿಗಿಂತ ಕಡಿಮೆ ಸಂಬಳ ಸಿಕ್ಕಿತು, ಸ್ಥಿರ ಉದ್ಯೋಗವೂ ವಿರಳವಾಗಿತ್ತು. ಇದನ್ನು ಕಲಿತವರ ಸೋಲೆನ್ನುವುದು ಅನ್ಯಾಯ. ಆರ್ಥಿಕ ಹಿಂಜರಿತದ ಆ ದಿನಗಳಲ್ಲಿ ಊರಿನಲ್ಲಿ ಒಳ್ಳೆಯ ಸಂಬಳದ ಕೆಲಸಗಳೇ ತೀರ ಕಡಿಮೆ ಇದ್ದವು. ತರಗತಿಯಲ್ಲಿ ಕೂತವರು ಪದವಿ ಹಿಡಿದು ಹೊರಬರುವಷ್ಟರಲ್ಲಿ ಇದ್ದ ಕೆಲವು ಕೆಲಸಗಳಿಗೂ ಬೇರೆಯವರು ಸೇರಿಕೊಂಡಿದ್ದರು.