ಮನೆ ಬಿಟ್ಟ ಮಕ್ಕಳ ಪಂಕ್ತಿ

ಮಹಾನವಮಿ ಬಂದಿತೆಂದರೆ, ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ, ಊರ ಪಾಠಶಾಲೆಯಾದ ಕೂಲಿಮಠದ ಹುಡುಗರು ಇದ್ದುದರಲ್ಲಿಯೇ ಒಳ್ಳೆಯ ಬಟ್ಟೆಯನ್ನುಟ್ಟು, ಕೈಯಲ್ಲಿ ಬಣ್ಣದ ಕೋಲುಗಳನ್ನು ಹಿಡಿದು, ಗುರುಗಳಾದ ಐಗಳನ್ನು ಮುಂದಿಟ್ಟುಕೊಂಡು, ಮನೆಮನೆಯ ಜಗುಲಿಯೆದುರು ನಿಂತು ಚೌಪದವೆಂಬ ಪದ್ಯಗಳನ್ನು ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಮನೆಯವರು ಐಗಳಿಗೆ ದುಡ್ಡನ್ನೋ ದವಸವನ್ನೋ, ಹುಡುಗರಿಗೆ ತಿನ್ನಲು ಏನನ್ನಾದರೂ ಕೊಟ್ಟು ಕಳುಹಿಸುವರು. ವರ್ಷವಿಡೀ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸಿ, ತಪ್ಪಿದವನನ್ನು ಕೋದಂಡಕ್ಕೆ ಏರಿಸುತ್ತಿದ್ದ ಅದೇ ಐಗಳು ಆ ದಿನಗಳಲ್ಲಿ ಮಕ್ಕಳ ಕಂಠವನ್ನು ನೆಚ್ಚಿ ನಡೆಯಬೇಕಾಗಿತ್ತೆಂಬುದು ಹುಡುಗರಿಗೆ ತಿಳಿಯದ ಸಂಗತಿಯೇನಾಗಿರಲಿಲ್ಲ. ‘ಕೂಲಿ’ಯೂ ‘ಮಠ’ವೂ ಒಂದೇ ಸಮಾಸದಲ್ಲಿ ಜೊತೆಗೂಡಿ ಕುಳಿತ ಈ ಪದವನ್ನು ಕೇಳಿದಾಗಲೆಲ್ಲ, ನಮ್ಮ ಹಿರಿಯರು ವಿದ್ಯೆಯ ವಿಷಯದಲ್ಲಿ ನಾವು ಭಾವಿಸುವಷ್ಟು ಭಾವುಕರಾಗಿರಲಿಲ್ಲವೆಂದು ನನಗೆ ತೋರುತ್ತದೆ.

ಕೂಲಿಮಠದ ಹುಡುಗನಿಗಾದರೋ ಸಂಜೆ ಹಿಂದಿರುಗಲು ಮನೆಯೊಂದಿರುತ್ತಿತ್ತು. ವೇದವನ್ನೋ ಕಾವ್ಯವನ್ನೋ ಕಲಿಯಬೇಕೆಂದು ಊರನ್ನೇ ಬಿಟ್ಟು, ಕಪಿಲೆಯ ದಡದ ನಂಜನಗೂಡಿನಂಥ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಂಥ ಕ್ಷೇತ್ರಗಳಿಗೋ, ವ್ಯಾಸರಾಜ ಮಠದಿಂದ ಹೆಸರಾದ ಸೋಸಲೆಯಂಥ ಊರಿಗೋ ಬರುವ ಬಡ ವಟುವಿನ ಪಾಡು ಬೇರೆ. ಅವನನ್ನು ಪೊರೆದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಗೃಹಸ್ಥರು ಒಪ್ಪಿದರೆ ಹುಡುಗನ ವಿದ್ಯಾಭ್ಯಾಸಕ್ಕೆ ಅಸ್ತಿವಾರ ಬಿದ್ದಂತೆ. ಆರೇ ಮನೆ ದೊರೆತವನಿಗೆ ವಾರದಲ್ಲೊಂದು ಏಕಾದಶಿ ಹೆಚ್ಚಾಗಿ ಬರುತ್ತಿತ್ತು. ಬೆಳಕು ಹರಿಯುವ ಮೊದಲೇ ನದಿಯ ಸ್ನಾನ, ಸಂಧ್ಯಾವಂದನೆ, ಗುರುವು ಒಮ್ಮೆ ಹೇಳಿದ್ದನ್ನು ಎರಡು ಸಲ ಹೇಳಿ ಸ್ವರ ಸಹಿತವಾಗಿ ನಿಲ್ಲಿಸಿಕೊಳ್ಳುವ ಸಂಥೆ, ಮಧ್ಯಾಹ್ನ ಆ ವಾರದ ಮನೆಯ ಹಿತ್ತಿಲ ಬಾಗಿಲಿನಲ್ಲೋ ನಡುಮನೆಯಲ್ಲೋ ಎಲೆ. ಆ ಮನೆಯಲ್ಲಿ ಸೂತಕವೊದಗಿದರೆ, ಅಥವಾ ಯಜಮಾನಿ ತವರಿಗೆ ಹೋದರೆ, ಸಂಕಟಪಡುವವನು ವಟುವೇ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು. ಪಾಡ್ಯದಂದು ಓದಿದರೆ ಓದಿದ ವಿದ್ಯೆಯೂ ಕ್ಷಯಿಸುವುದೆಂಬ ಮಾತನ್ನು ಹುಡುಗರು ಶಾಸ್ತ್ರದ ಇತರ ಯಾವ ಮಾತಿಗಿಂತಲೂ ಹೆಚ್ಚಿನ ಶ್ರದ್ಧೆಯಿಂದ ಪಾಲಿಸಿರಬೇಕು. ಈ ಏಳು ಮನೆಗಳ ಔದಾರ್ಯವೆಲ್ಲವೂ ಒಂದೇ ಜಾತಿಯ ಗಡಿಯೊಳಗೆ ನಡೆಯುತ್ತಿತ್ತೆಂಬುದನ್ನೂ ಹೇಳಿಬಿಡಬೇಕು. ಆ ಗಡಿಯಾಚೆಯ ಮಗುವಿಗೆ ಏಳರಲ್ಲಿ ಒಂದು ಮನೆಯೂ ಇರಲಿಲ್ಲ.

ಸಂಗೀತದಲ್ಲಿಯೂ ಇದೇ ಗುರುಕುಲದ ಕ್ರಮ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಚೌಡಯ್ಯನವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಸೇರಿ, ಆ ಕಟ್ಟುನಿಟ್ಟಿನ ಗುರುವಿನ ಕಣ್ಣೆದುರಿನಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿದರು. ಏಳು ತಂತಿಯ ಪಿಟೀಲಿನ ಕೀರ್ತಿ ಆ ಮೇಲಿನದು.

ಮನೆ ಬಿಟ್ಟು ಒಟ್ಟಿಗೆ ಉಂಡು ಕಲಿತ ಮಕ್ಕಳು ನಮ್ಮಲ್ಲಿ ಮಾತ್ರ ಇದ್ದವರಲ್ಲ. ಸುಮಾರು ಅದೇ ಕಾಲದಲ್ಲಿ, ಸಮುದ್ರದಾಚೆಯ ಅಮೆರಿಕದಲ್ಲಿ, ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳು ನ್ಯೂಯಾರ್ಕಿನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ಉಸಿರುಗಟ್ಟಿ ಬಾಳುತ್ತಿದ್ದುವು. ಅಲ್ಲಿನ ಬಡ ಹುಡುಗರಿಗೆ ಬೇಸಿಗೆಯಲ್ಲಾದರೂ ಒಳ್ಳೆಯ ಗಾಳಿ ಸಿಕ್ಕಲೆಂದು 1902ರಲ್ಲಿ ಕೋಲ್ಡ್ ಸ್ಪ್ರಿಂಗ್ ಎಂಬಲ್ಲಿ ಸರ್ಪ್ರೈಸ್ ಲೇಕ್ ಎಂಬ ಶಿಬಿರವು ಪ್ರಾರಂಭವಾಯಿತು. ಗಾಳಿ ನೀರುಗಳಿಗಾಗಿ ಹುಟ್ಟಿದ ಈ ಪದ್ಧತಿಯು ಕ್ರಮೇಣ ಧರ್ಮವನ್ನೂ ಭಾಷೆಯನ್ನೂ ಕಲಿಸುವ ಸಾಧನವಾಗಿ, 1947ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಕಾನೋವರಿನಲ್ಲಿ ಆರಂಭವಾದ ರಾಮಾ ಶಿಬಿರದಲ್ಲಿ ಹೀಬ್ರೂ ಭಾಷೆಗೆ ನಿತ್ಯದ ವ್ಯವಹಾರದಲ್ಲಿಯೇ ಸ್ಥಾನ ದೊರೆಯಿತು. ಬೆಳಗಿನ ಪ್ರಾರ್ಥನೆ, ಸರೋವರದಲ್ಲಿ ಈಜು, ಊಟವಾದ ಮೇಲೆ ಮೇಜು ಕುಟ್ಟುತ್ತ ಒಕ್ಕೊರಲಿನಿಂದ ಹಾಡುವ ಕೃತಜ್ಞತಾ ಸ್ತೋತ್ರ, ಶುಕ್ರವಾರದ ಸಂಜೆ ಬಿಳಿಯ ಉಡುಪಿನಲ್ಲಿ ವಾರದ ಪವಿತ್ರ ವಿಶ್ರಾಂತಿದಿನವಾದ ಸಬ್ಬತ್ತಿನ ಸ್ವಾಗತ, ಇವು ಅಂಥ ಶಿಬಿರಗಳ ದಿನಚರಿ. ನಮ್ಮ ಪಂಕ್ತಿಗಳಲ್ಲಿ ಊಟದ ನಡುವೆ ಮಕ್ಕಳಿಂದ ಶ್ಲೋಕ ಹೇಳಿಸುವುದನ್ನು ಕಂಡವರಿಗೆ ಆ ಮೇಜಿನ ಸದ್ದು ತೀರ ಅಪರಿಚಿತವೆನಿಸದು. ಅಲ್ಲಿಯ ಮಗು ಮಾತ್ರ ಕೆಲವು ವಾರಗಳು ಕಳೆದೊಡನೆ ಪೆಟ್ಟಿಗೆ ಕಟ್ಟಿಕೊಂಡು ತಾಯಿಯ ಬಳಿಗೆ ಹಿಂದಿರುಗುತ್ತಿತ್ತು. ನಮ್ಮ ವಟುವಿನ ಬೇಸಿಗೆ ಹನ್ನೆರಡು ತಿಂಗಳಾದರೂ ಮುಗಿಯುತ್ತಿರಲಿಲ್ಲ.

ಇತ್ತ ನಂಜನಗೂಡು ತಾಲ್ಲೂಕಿನಲ್ಲಿ ಪಂಕ್ತಿಯ ಜಾತಿಯ ಗಡಿಯನ್ನು ಪ್ರಶ್ನಿಸುವ ಗಾಳಿ ಬೀಸತೊಡಗಿತ್ತು. ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರವು ಹುಟ್ಟಿ ಹಳ್ಳಿಯ ಹೆಂಗಸರ ಕೈಗೆ ರಾಟೆ ಬಂದಿತು. ತಗಡೂರಿನಲ್ಲಿ ರಾಮಚಂದ್ರರಾಯರು ಆಶ್ರಮವನ್ನು ಕಟ್ಟಿ, ನೂಲುವುದನ್ನೂ ಅಸ್ಪೃಶ್ಯತೆಯನ್ನು ತೊಡೆಯುವುದನ್ನೂ ಒಂದೇ ವ್ರತವೆಂದು ನಡೆಸಿದರು.

ಇದೇ ತಾಲ್ಲೂಕಿನ ಸುತ್ತೂರು, ಕಪಿಲೆಯ ದಡದಲ್ಲಿರುವ ಪುರಾತನ ವೀರಶೈವ ಮಠದ ಸ್ಥಳ. 1916ರಲ್ಲಿ ಹುಟ್ಟಿದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು, ತಾರುಣ್ಯದಲ್ಲಿಯೇ ಮಠದ ಭಾರವನ್ನು ಹೊತ್ತವರು, ಹಳ್ಳಿಯ ಹುಡುಗರು ಓದಿಗೆಂದು ಮೈಸೂರಿಗೆ ಬಂದು ಅನ್ನಕ್ಕೂ ಆಸರೆಗೂ ಪರದಾಡುವುದನ್ನು ಕಂಡು, 1941ರಲ್ಲಿ ಅಲ್ಲಿ ಉಚಿತ ವಿದ್ಯಾರ್ಥಿನಿಲಯವೊಂದನ್ನು ತೆರೆದರು. ಯುದ್ಧದ ಕಾಲ, ಧಾನ್ಯದ ಅಭಾವ, ಏರುತ್ತಿದ್ದ ಬೆಲೆ. ಮಕ್ಕಳ ಒಲೆ ಆರುವ ಸ್ಥಿತಿ ಬಂದಾಗ ಸ್ವಾಮಿಗಳು ಮಠದ ಬೆಳ್ಳಿಯ ಸಾಮಾನುಗಳನ್ನೂ, ಇಷ್ಟಲಿಂಗವನ್ನಿಡುವ ತಮ್ಮ ಚಿನ್ನದ ಕರಡಿಗೆಯನ್ನೂ ಮಾರಿ ಅಕ್ಕಿ ರಾಗಿ ತರಿಸಿದರೆಂಬುದನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಕರಡಿಗೆಯು ಕೇವಲ ಆಭರಣವಲ್ಲ. ಎದೆಯ ಮೇಲೆ ದೇವರಿಗೆ ಕಟ್ಟಿದ ಮನೆ. ಅದನ್ನು ಮಾರುವಾಗ ಆ ತರುಣ ಜಂಗಮನ ಕೈ ನಡುಗಿತೋ ಇಲ್ಲವೋ, ಹುಡುಗರ ತಟ್ಟೆಗೆ ಅಂದಿನ ಮುದ್ದೆಯಂತೂ ಬಿದ್ದಿತು. 1954ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ವಿಸ್ತಾರವನ್ನು ಇಲ್ಲಿ ವರ್ಣಿಸುವುದು ಅನಾವಶ್ಯಕ. ಅದರ ಬೇರು ಆ ಒಲೆಯ ಬೂದಿಯಲ್ಲಿದೆ.

ಇಂಥ ನಿಲಯಗಳಲ್ಲಿ ಊಟಕ್ಕೆ ಊಟವೆನ್ನುವುದಿಲ್ಲ, ಪ್ರಸಾದವೆನ್ನುತ್ತಾರೆ. ಮನೆಯೇ ಪ್ರಸಾದ ನಿಲಯ. ಆ ಒಂದು ಪದದಿಂದ ವಾರಾನ್ನದ ಸಂಕೋಚವೆಲ್ಲ ಕಳೆದುಹೋಯಿತೆಂದು ಹೇಳಿದರೆ ತಪ್ಪಾಗದು. ಹಿತ್ತಿಲ ಬಾಗಿಲಲ್ಲಿ ಕಾಯುತ್ತ, ಯಜಮಾನಿಯ ಮುಖವನ್ನು ನೋಡಿ ಎರಡನೆಯ ತುತ್ತನ್ನು ಬೇಡಬೇಕಾಗಿದ್ದ ಹುಡುಗ, ಇಲ್ಲಿ ನೂರಾರು ಜೊತೆಗಾರರೊಡನೆ ಸಾಲಾಗಿ ಕುಳಿತು, ಪ್ರಾರ್ಥನೆ ಹೇಳಿ, ತಟ್ಟೆಯಲ್ಲಿ ಒಂದಗುಳನ್ನೂ ಬಿಡದೆ ಉಂಡು, ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು ಏಳುವನು.

ಇಂದು ಸುತ್ತೂರಿನ ಉಚಿತ ವಸತಿ ಶಾಲೆಯ ಸಾಲಿನಲ್ಲಿ ನಾಡಿನ ಹಳ್ಳಿಗಳವರಲ್ಲದೆ ಈಶಾನ್ಯ ರಾಜ್ಯಗಳ ಮಕ್ಕಳೂ ಕುಳಿತಿರುತ್ತಾರೆ. ಬಂದ ಹೊಸದರಲ್ಲಿ ಅವರು ಕಲಿಯಬೇಕಾದದ್ದು ಬಹಳ: ಕಪಿಲೆಯ ಸೆಕೆ, ಕನ್ನಡದ ಅಲ್ಲ ಇಲ್ಲಗಳು, ವಚನದ ರಾಗ. ಎಲ್ಲಕ್ಕೂ ಮೊದಲು, ರಾಗಿಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ಅಗಿಯದೆ ನುಂಗುವ ವಿದ್ಯೆ. ಅದಕ್ಕೆ ಐಗಳು ಬೇಕಿಲ್ಲ, ಪಕ್ಕದಲ್ಲಿ ಕುಳಿತ ನಂಜನಗೂಡಿನ ಹುಡುಗನೇ ಸಾಕು.