ಶುಶ್ರೂಷಕಿಯ ಕಡತ: ನಡತೆಯ ಹಾಳೆಯಿಂದ ನೋಂದಣಿ ಸಂಖ್ಯೆಯವರೆಗೆ

ವೃತ್ತಿಯ ಮೊದಲ ವರ್ಷಗಳಲ್ಲಿ ಕೆಲಸ ಬದಲಿಸುವ ಶುಶ್ರೂಷಕಿ ಹೊಸ ಆಸ್ಪತ್ರೆಗೆ ಸಲ್ಲಿಸುವ ರೆಸ್ಯೂಮ್, ಅಂದರೆ ಓದು, ನೋಂದಣಿ ಮತ್ತು ಸೇವೆಯ ವಿವರಗಳನ್ನು ಒಂದೆರಡು ಪುಟಗಳಲ್ಲಿ ಅಡಕಗೊಳಿಸಿದ ಪತ್ರ, ನೋಡಲು ಇತ್ತೀಚಿನ ರೂಢಿಯಂತೆ ಕಂಡರೂ, ರೋಗಿಯ ಜೀವವನ್ನು ಯಾರ ಕೈಗೆ ಒಪ್ಪಿಸಬಹುದೆಂಬ ಹಳೆಯ ಪ್ರಶ್ನೆಗೆ ಸಮಾಜ ಕಾಲಕಾಲಕ್ಕೆ ಕೊಟ್ಟ ಉತ್ತರಗಳು ಅದರಲ್ಲಿ ಪದರಪದರವಾಗಿ ಕುಳಿತಿವೆ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಬಹುಕಾಲ ಕಾಗದದ ಉತ್ತರವೇ ಇರಲಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯ ಬಲದಿಂದ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಹೇಳಲಾಗುತ್ತದೆ; 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಮತ್ತು 2018ರಲ್ಲಿ ಪದ್ಮಶ್ರೀ ಅವರಿಗೆ ಸಂದವಾದರೂ, ಅದಕ್ಕೆ ಹಲವು ದಶಕಗಳ ಮೊದಲೇ ಸೀಮೆಯ ಮನೆಗಳು ಅವರನ್ನು ನಂಬಿದ್ದವು. ಆ ನಂಬಿಕೆಗೆ ಆಧಾರ ಕಣ್ಣೆದುರಿನ ಕೆಲಸ. ಕೆಲಸವನ್ನು ಕಂಡವರಿಲ್ಲದ ಊರಿಗೆ, ಅಪರಿಚಿತರ ಆಸ್ಪತ್ರೆಗೆ ಹೋಗಬೇಕಾದಾಗ ಮಾತ್ರ ಕಾಗದದ ಅಗತ್ಯ ಹುಟ್ಟುತ್ತದೆ.

ಅಂಥ ಕಾಗದದ ಒಂದು ಆರಂಭಿಕ ರೂಪ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ನೈಟಿಂಗೇಲ್ ತರಬೇತಿ ಶಾಲೆಯಲ್ಲಿ ಕಾಣುತ್ತದೆ. ಅಲ್ಲಿ ಪ್ರತಿ ಶಿಕ್ಷಣಾರ್ಥಿಯ ಬಗೆಗೆ ತಿಂಗಳಿಗೊಮ್ಮೆ ತುಂಬುತ್ತಿದ್ದ ಹಾಳೆಗೆ ಎರಡು ಭಾಗಗಳಿದ್ದವು: ಸಮಯಪಾಲನೆ, ಶುಚಿತ್ವ, ವಿಶ್ವಾಸಾರ್ಹತೆಯಂಥ ನಡತೆಯ ಗುಣಗಳು ಒಂದೆಡೆ, ಗಾಯಕ್ಕೆ ಪಟ್ಟಿ ಕಟ್ಟುವಂಥ ಕೈಕೆಲಸಗಳಲ್ಲಿ ಪಡೆದ ನೈಪುಣ್ಯ ಇನ್ನೊಂದೆಡೆ. ಪರೀಕ್ಷೆಯೊಂದೇ ಶುಶ್ರೂಷಕಿಯನ್ನು ಅಳೆಯಲಾರದೆಂದು ಭಾವಿಸಿದ್ದ ಶಾಲೆಯ ಸ್ಥಾಪಕಿ ಫ್ಲಾರೆನ್ಸ್ ನೈಟಿಂಗೇಲ್ ಸರ್ಕಾರಿ ನೋಂದಣಿಯನ್ನು ವಿರೋಧಿಸಿದರು. ಆದರೂ 1901ರಲ್ಲಿ ನ್ಯೂಜಿಲೆಂಡ್, 1919ರಲ್ಲಿ ಬ್ರಿಟನ್ ನೋಂದಣಿ ಕಾಯಿದೆಗಳನ್ನು ತಂದವು. 1926ರಲ್ಲಿ ಮದ್ರಾಸ್ ಪ್ರಾಂತ್ಯವೂ ಶುಶ್ರೂಷಕಿಯರು ಮತ್ತು ಸೂಲಗಿತ್ತಿಯರ ಕಾಯಿದೆ ಮಾಡಿದ್ದರಿಂದ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಅದರ ವ್ಯಾಪ್ತಿಗೆ ಬಂದವು.

ದೇಶದಲ್ಲಿ ತರಬೇತಿ ಪಡೆದವರ ಕೊರತೆ ಎಷ್ಟು ತೀವ್ರವಾಗಿತ್ತೆಂಬುದನ್ನು ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ತೋರಿಸಿಕೊಟ್ಟಿತು. ಅದರ ಪ್ರಕಾರ ಸುಮಾರು 43,000 ಜನರಿಗೆ ಒಬ್ಬ ಶುಶ್ರೂಷಕಿ ಮಾತ್ರ ಇದ್ದಳು. ಮರುವರ್ಷವೇ ಬಂದ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ, ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆಯು ಯಾವ ರಾಜ್ಯದ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಲೂ ಸಾಕೆಂದು ಸಾರಿತು. ಮೂರು ದಿಕ್ಕುಗಳಲ್ಲಿ ಆಂಧ್ರಪ್ರದೇಶವನ್ನು ಹೊಂದಿರುವ ಪಾವಗಡದಂಥ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಅಲ್ಲಿಂದ ಹಿಂದೂಪುರದ ಆಸ್ಪತ್ರೆಗೆ ಹೋಗುವುದೆಂದರೂ ರಾಜ್ಯದ ಗಡಿ ದಾಟಬೇಕು. ಏಕೀಕರಣದ ಬಳಿಕ 1961ರ ಕಾಯಿದೆಯ ಮೂಲಕ ಕನ್ನಡನಾಡಿಗೂ ಒಂದೇ ಬಗೆಯ ನೋಂದಣಿ ಬಂದಿತು. ರೆಸ್ಯೂಮಿನಲ್ಲಿ ಹೆಸರಿನ ಮುಂದೆ ಬರೆಯುವ ಆರ್.ಎನ್., ಆರ್.ಎಂ. ಎಂಬ ಅಕ್ಷರಗಳು, ಅಂದರೆ ನೋಂದಾಯಿತ ಶುಶ್ರೂಷಕಿ ಮತ್ತು ನೋಂದಾಯಿತ ಸೂಲಗಿತ್ತಿ ಎಂಬ ಸೂಚನೆ, ಈ ವ್ಯವಸ್ಥೆಯ ಫಲ.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಖಾಸಗಿ ನರ್ಸಿಂಗ್ ಕಾಲೇಜುಗಳು ಹೆಚ್ಚಿದಂತೆ, ಜಿ.ಎನ್.ಎಂ. ಎಂಬ ಡಿಪ್ಲೊಮಾ ಇಲ್ಲವೇ ಬಿ.ಎಸ್ಸಿ. ನರ್ಸಿಂಗ್ ಪದವಿ ಮುಗಿಸಿ, ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಒಂದೆರಡು ವರ್ಷ ದುಡಿದು, ಬಳಿಕ ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕುವುದು ಸಾಮಾನ್ಯ ದಾರಿಯಾಯಿತು. ಈ ಘಟ್ಟದಲ್ಲಿ ಇತಿಹಾಸದ ಒಂದು ನಷ್ಟ ಎದ್ದು ಕಾಣುತ್ತದೆ. ಆಸ್ಪತ್ರೆಗಳು ಕೊಡುವ ಅನುಭವ ಪ್ರಮಾಣಪತ್ರ ಬಹಳ ಸಲ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಕೆಲಸ ಮಾಡಿದರು, ನಡತೆ ತೃಪ್ತಿಕರ ಎಂಬಲ್ಲಿಗೆ ನಿಂತುಬಿಡುತ್ತದೆ. ನೈಟಿಂಗೇಲ್ ಶಾಲೆಯ ಹಾಳೆಯ ಮೊದಲ ಭಾಗ ಉಳಿದು, ಕೈಕೆಲಸವನ್ನು ಹೇಳುತ್ತಿದ್ದ ಎರಡನೆಯ ಭಾಗ ಬಿದ್ದುಹೋಗಿದೆ. ಹೆರಿಗೆ ವಾರ್ಡಿನಲ್ಲಿ ರಾತ್ರಿಪಾಳಿಯನ್ನು ಒಬ್ಬಳೇ ನಿಭಾಯಿಸಿದವಳಿಗೂ ಹೊರರೋಗಿ ವಿಭಾಗದಲ್ಲಿ ಚೀಟಿ ಬರೆದವಳಿಗೂ ಒಂದೇ ಒಕ್ಕಣೆಯ ಪತ್ರ ಸಿಗುವುದು ಅನ್ಯಾಯವೇ ಸರಿ. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಒತ್ತೆಯಂತೆ ಇರಿಸಿಕೊಂಡು ಕೆಲಸ ಬಿಡದಂತೆ ಕಟ್ಟಿಹಾಕುವ ಪದ್ಧತಿಯೂ ಕೆಲವೆಡೆ ಬೆಳೆದಿದ್ದರಿಂದ, ಬಡ ಕುಟುಂಬಗಳ ಹೆಣ್ಣುಮಕ್ಕಳು ತಮ್ಮದೇ ದಾಖಲೆಗಾಗಿ ಅಂಗಲಾಚುವ ಸ್ಥಿತಿ ಬಂದಿತು.

ಆದ್ದರಿಂದ ಹೊಸ ಶುಶ್ರೂಷಕಿಯ ರೆಸ್ಯೂಮ್ ಅನುಭವಪತ್ರ ಬಿಟ್ಟ ಭಾಗವನ್ನು ತುಂಬಬೇಕಾಗುತ್ತದೆ: ಯಾವ ವಾರ್ಡು, ಎಷ್ಟು ಹಾಸಿಗೆ, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳ ಹೊಣೆ, ಡ್ರಿಪ್ ಹಾಕುವುದು, ಕ್ಯಾಥೆಟರ್ ಇಡುವುದು, ಹೆರಿಗೆಗೆ ನೆರವಾಗುವುದು ಮುಂತಾದವುಗಳಲ್ಲಿ ಯಾವುದನ್ನು ಸ್ವತಃ ಮಾಡಿದ್ದು, ಯಾವುದನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು ಎಂಬ ವಿವರ ಅಲ್ಲಿರಬೇಕು. ಶ್ರಮಜೀವಿ, ಸೇವಾಮನೋಭಾವದವಳು ಎಂಬ ವಿಶೇಷಣಗಳಿಗಿಂತ ಇವು ಹೆಚ್ಚು ನಂಬಿಕೆಗೆ ಅರ್ಹ. 2023ರ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಆಯೋಗದ ಕಾಯಿದೆ 1947ರ ಕಾಯಿದೆಯ ಜಾಗಕ್ಕೆಂದು ರೂಪುಗೊಂಡು ರಾಷ್ಟ್ರಮಟ್ಟದ ನೋಂದಣಿ ಪುಸ್ತಕಕ್ಕೆ ಅವಕಾಶ ಮಾಡಿದೆಯಾದರೂ, ಯಾರು ಅರ್ಹರೆಂದು ನೋಂದಣಿ ಹೇಳಬಲ್ಲದೇ ಹೊರತು ಯಾರು ಏನು ಮಾಡಿದರೆಂದು ಹೇಳಲಾರದು. ಅದನ್ನು ಹೇಳಬೇಕಾದವರು ಮೊದಲ ಕೆಲಸ ಕೊಟ್ಟವರು. ತುಮಕೂರು, ಶಿರಾ, ಮಧುಗಿರಿಗಳ ಆಸ್ಪತ್ರೆಗಳು ಕೆಲಸ ಬಿಟ್ಟು ಹೋಗುವ ಪ್ರತಿ ಶುಶ್ರೂಷಕಿಗೂ ಮೂಲ ದಾಖಲೆಗಳನ್ನು ಅಂದೇ ಮರಳಿಸಿ, ವಾರ್ಡಿನ ಕೆಲಸವನ್ನು ಹೆಸರಿಸಿ ಬರೆದ ಪತ್ರವನ್ನು ಕೊಡಲಿ.