ಒಂದು ಸೀದಾ, ಒಂದು ಉಲ್ಟಾ

ಅಮ್ಮನ ಟ್ರಂಕಿನ ತಳದಲ್ಲಿ ನಾನೇ ಹೆಣೆದುಕೊಟ್ಟ ಸ್ವೆಟರ್ ಸಿಕ್ಕಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬೂದುಬಣ್ಣದ ಉಲ್ಲನ್, ಎದೆಯ ಮೇಲೆ ಎರಡು ಜಡೆ, ಇಡೀ ಒಂದು ಮಳೆಗಾಲ ಕೂತು ಮಾಡಿದ್ದು. ನುಸಿಗುಳಿಗೆಯ ಜೊತೆ, ಮಡಿಕೆ ಕೂಡ ಕೆಡದ ಹಾಗೆ ಮಲಗಿತ್ತು. “ಯಾಕಮ್ಮ, ಹಾಕ್ಕೊಳ್ಳಲೇ ಇಲ್ಲವಾ?” ಅಂದೆ. “ಚೆನ್ನಾಗಿದೆ ಅಂತ ಎತ್ತಿಟ್ಟಿದೀನಿ” ಅಂದಳು. ‘ಎತ್ತಿಡುವುದು’ ಅಂದರೆ ಏನರ್ಥ ಎಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲವಂತ ಮಾಡಿ ತೊಡಿಸಲು ಹೋದೆ. ಸಂಧಿವಾತದಿಂದ ಗಂಟುಗಟ್ಟಿದ್ದ ಅವಳ ಕೈ ತೋಳಿನೊಳಗೆ ಸಲೀಸಾಗಿ ಇಳಿದು, ಮಣಿಕಟ್ಟಿನ ಬಾರ್ಡರಿಗೆ ಬಂದು ನಿಂತುಬಿಟ್ಟಿತು. ನಾನು ಎಳೆದೆ. ಅವಳು ತುಟಿ ಕಚ್ಚಿಕೊಂಡಳು. ಅಷ್ಟೇ, ಮತ್ತೆ ಎಳೆಯಲಿಲ್ಲ.

ತಮಾಷೆಯೆಂದರೆ ಆ ಬಾರ್ಡರನ್ನು ನನಗೆ ಕಲಿಸಿದವಳೂ ಅವಳೇ. “ಒಂದು ಸೀದಾ, ಒಂದು ಉಲ್ಟಾ, ಮೂರು ಇಂಚು. ಆಮೇಲೆ ನಿನಗೆ ಬೇಕಾದ ಡಿಸೈನು ಹಾಕ್ಕೋ.” ಯಾವ ಪೂಜೆಗಾದರೂ ಮೊದಲು ಗಣಪತಿಯನ್ನು ಕೂರಿಸುವ ಹಾಗೆ, ಮಗುವಿನ ಟೊಪ್ಪಿಯಿರಲಿ, ಯಜಮಾನರ ಪುಲ್‌ಓವರ್ ಇರಲಿ, ಮೊದಲು ಬಾರ್ಡರ್. ಯಾಕೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಯಾಕೆಂಬುದು ಕಷ್ಟದ ಸಂಗತಿಯೇನಲ್ಲ. ಸೀದಾ ಕುಣಿಕೆಗಳ ಸಾಲು ಮುಂದಕ್ಕೆ ಉಬ್ಬುತ್ತದೆ, ಉಲ್ಟಾ ಸಾಲು ಹಿಂದಕ್ಕೆ ಸರಿಯುತ್ತದೆ. ಹೀಗೆ ಮಡಿಚಿದ ಬೀಸಣಿಗೆಯ ಹಾಗೆ ಬಟ್ಟೆ ಒಳಸೇರಿಕೊಂಡು ಮೈಯನ್ನು ಹಿಡಿಯುತ್ತದೆ. ಬರೀ ಸೀದಾ ಮುಖದ ಬಟ್ಟೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಬಾರ್ಡರ್ ಸುತ್ತಿಕೊಳ್ಳುವುದಿಲ್ಲ. ಅಚ್ಚುಕಟ್ಟಾದ ಉಪಾಯವೇ ಸರಿ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಆ ಯಂತ್ರದಲ್ಲೇ ಸುಲಭವಾಗಿ ಬಾರ್ಡರ್ ಹೆಣಿಗೆ ತೆಗೆಯುವ ಜೋಡಣೆಗೆ ಜೆಡಿಡಯಾ ಸ್ಟ್ರಟ್ ಎಂಬುವನು ಪೇಟೆಂಟ್ ಪಡೆದದ್ದು 1758–59ರಲ್ಲಿ. ನಮ್ಮ ಅಮ್ಮಂದಿರು ಕೈಬೆರಳಲ್ಲಿ ಮಾಡುವ ಈ ಒಂದು ಉಲ್ಟಾ, ಯಂತ್ರಕ್ಕೆ ಒಗ್ಗಲು ನೂರ ಎಪ್ಪತ್ತು ವರ್ಷ ಹಿಡಿಯಿತು!

ಆದರೆ ಹಿಡಿಯುವ ಅಂಚು ಎಲ್ಲ ಮೈಗೂ ಬೇಕೇ? ಅಮ್ಮನ ಕೈ ನೋಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಳೆಯ ಹೆಣಿಗೆ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ಇಳಕಲ್ಲಿನ ಸೆರಗು ನೋಡಿ ನಾವು ಊರು ಗುರುತಿಸುವ ಹಾಗೆ, ಸ್ವೆಟರಿನ ಅಂಚು ನೋಡಿ ಊರು ಹೇಳಬಹುದು ಎಂದು ಅಲ್ಲಿಯತನಕ ನನಗೆ ತಿಳಿದಿರಲಿಲ್ಲ.

ಇಂಗ್ಲಿಷ್ ಕಡಲುಗಾಲುವೆಯಲ್ಲಿ ಗರ್ನ್ಸಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಬೆಸ್ತರ ಉಣ್ಣೆಯಂಗಿಗೂ ದ್ವೀಪದ ಹೆಸರೇ ನಿಂತಿದೆ. ಅದರ ಕೆಳ ಅಂಚು ನಮ್ಮ ಬಾರ್ಡರಲ್ಲ. ಎರಡೂ ಕಡೆ ಸೀದಾ ಹೆಣೆಯುವ ಗಾರ್ಟರ್ ಹೆಣಿಗೆ; ಸುರುಳಿ ಸುತ್ತದೆ ಚಪ್ಪಟೆಯಾಗಿ ಕೂರುತ್ತದೆ, ಆದರೆ ಸೊಂಟವನ್ನು ಬಿಗಿಯುವುದಿಲ್ಲ. ಮುಂಭಾಗದ ಪಟ್ಟಿ ಬೇರೆ, ಹಿಂಭಾಗದ ಪಟ್ಟಿ ಬೇರೆ ಹೆಣೆದು ಆಮೇಲೆ ಎರಡನ್ನೂ ಕೂಡಿಸಿ ಸುತ್ತ ಮೇಲಕ್ಕೆ ಹೋಗುತ್ತಾರೆ. ಹಾಗಾಗಿ ಎರಡು ಪಕ್ಕದಲ್ಲೂ ಒಂದೊಂದು ಸೀಳು ಉಳಿಯುತ್ತದೆ, ನಮ್ಮ ಗಂಡಸರ ಜುಬ್ಬಾದ ಸೀಳಿನಂತೆ. ದೋಣಿಯಲ್ಲಿ ಕೂತು ಏಳುವವನಿಗೆ, ಬಲೆ ಎಳೆಯುವವನಿಗೆ ಅಂಗಿ ಮೇಲಕ್ಕೆ ಸರಿದು ಮುದುರುವುದಿಲ್ಲ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುತ್ತಿದ್ದರು. ಮೊದಲು ಸವೆಯುವುದು ಮಣಿಕಟ್ಟಿನ ಅಂಚು ತಾನೇ? ಸವೆದಷ್ಟನ್ನು ಬಿಚ್ಚಿ ಹೊಸದಾಗಿ ಹೆಣೆದರಾಯಿತು. ಇದನ್ನು ಓದಿ ನಾನು ತಲೆ ಚಚ್ಚಿಕೊಂಡೆ. ನಾವು ಕೆಳಗಿನಿಂದ ಮೇಲಕ್ಕೆ ಹೆಣೆದು, ಬಿಚ್ಚಬೇಕಾದ ಅಂಚನ್ನೇ ಬಿಚ್ಚಲಾಗದಂತೆ ಕಟ್ಟಿಡುತ್ತೇವಲ್ಲ!

ನಾರ್ವೆಯ ಸೆಟೆಸ್‌ಡಾಲ್ ಕಣಿವೆಯವರದು ಇನ್ನೊಂದು ಜಾಣತನ. ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆ ಉದುರಿಸಿದ ಅವರ ಅಂಗಿಗೆ ಅವರೇ ಇಟ್ಟ ಹೆಸರಿನ ಅರ್ಥ ‘ಹೇನಿನಂಗಿ’. ಅದರ ಕೆಳಭಾಗ ಚುಕ್ಕೆಯಿಲ್ಲದ ಬರೀ ಬಿಳಿ. ಆ ಭಾಗ ಎತ್ತರದ ಷರಾಯಿಯೊಳಗೆ ಹೋಗುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಕಾಣದ ಕಡೆಗೆ ಬಣ್ಣದ ಖರ್ಚು ಯಾಕೆ? ಕತ್ತಿಗೆ, ತೋಳಿನ ತುದಿಗೆ ಮಾತ್ರ ಬಟ್ಟೆಯ ಪಟ್ಟಿ ಕೂರಿಸಿ ಬಣ್ಣಬಣ್ಣದ ಕಸೂತಿ. ರವಿಕೆ ಹರಿದಾಗ ಕಾಣುವ ತೋಳಿಗೆ ಹೊಸ ತುಂಡು, ಬೆನ್ನಿಗೆ ಹಳೇ ತುಂಡು ಹಚ್ಚುತ್ತಿದ್ದ ನಮ್ಮಜ್ಜಿಗೆ ಆ ಕಣಿವೆಯ ಹೆಂಗಸರ ಪರಿಚಯ ಮಾಡಿಸಿದ್ದರೆ ಚೆನ್ನಾಗಿ ಜೊತೆಯಾಗುತ್ತಿತ್ತು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲೆಂಡ್ ದ್ವೀಪಗಳು. ಅಲ್ಲಿಯ ಬಣ್ಣದ ಸ್ವೆಟರುಗಳ ಅಂಚೂ ಒಂದು ಸೀದಾ, ಒಂದು ಉಲ್ಟಾನೇ. ಆದರೆ ಸೀದಾ ಒಂದು ಬಣ್ಣದಲ್ಲಿ, ಉಲ್ಟಾ ಇನ್ನೊಂದರಲ್ಲಿ. ಬಳಸದ ದಾರ ಹಿಂದಿನಿಂದ ಹಾಯುವುದರಿಂದ ಅಂಚು ಎರಡು ಪದರವಾಗಿ ಬೆಚ್ಚಗಿರುತ್ತದೆ. ಹಾಯುವ ದಾರವೇ ತಡೆಯುವುದರಿಂದ ರಬ್ಬರಿನಂತೆ ಎಳೆದಷ್ಟೂ ಬರುವುದಿಲ್ಲ, ಹಿಂಡುವುದೂ ಇಲ್ಲ. ಉದ್ದ ಗೆರೆಗಳ ನಡುವೆ ಬಣ್ಣವನ್ನು ಒಂದೊಂದೇ ಛಾಯೆ ಬದಲಿಸುತ್ತ ಹೋದರೆ ಸಂಜೆಯ ಆಕಾಶ ನೋಡಿದಂತಿರುತ್ತದೆ. ಮಾಡುವುದು ಮಾತ್ರ ತಾಳ್ಮೆಯ ಕೆಲಸ. ಪ್ರತಿ ಉಲ್ಟಾಕ್ಕೂ ದಾರ ಮುಂದಕ್ಕೆ ತರಬೇಕು, ಮತ್ತೆ ಹಿಂದಕ್ಕೆ ಒಯ್ಯಬೇಕು. ಉಲ್ಟಾದ ಬಣ್ಣ ಬದಲಿಸುವಾಗ ಮೊದಲ ಸುತ್ತನ್ನು ಸೀದಾ ಹೆಣೆಯಬೇಕು, ಇಲ್ಲದಿದ್ದರೆ ಹಳೆಯ ಬಣ್ಣ ಇಣುಕುತ್ತದೆ.

ಶೆಟ್‌ಲೆಂಡಿಗೂ ಆರ್ಕ್ನಿಗೂ ನಡುವಿನ ಫೇರ್ ಐಲ್ ದ್ವೀಪದ ಬಳಿ 1588ರಲ್ಲಿ ಸ್ಪೇನಿನ ಹಡಗೊಂದು ಒಡೆಯಿತು. ಆ ನಾವಿಕರಿಂದಲೇ ದ್ವೀಪದ ಹೆಂಗಸರು ಚಿತ್ತಾರ ಕಲಿತರು ಎಂಬ ಕತೆಯಿದೆ. ಹಡಗು ಒಡೆದದ್ದು ನಿಜ, ಕಲಿತದ್ದಕ್ಕೆ ಪುರಾವೆಯಿಲ್ಲ. ಹೆಂಗಸರ ಕೈಯಲ್ಲಿ ಚಂದದ್ದೇನಾದರೂ ಹುಟ್ಟಿದರೆ ಯಾರೋ ಹೊರಗಿನ ಗಂಡಸು ಬಂದು ಕಲಿಸಿರಬೇಕು ಎನ್ನುವುದು ಎಲ್ಲ ಊರಿನ ಕತೆಯೂ ಹೌದೇನೋ! ಗಟ್ಟಿ ಸಾಕ್ಷಿ ಬೇಕಾದರೆ 1951ರಲ್ಲಿ ಶೆಟ್‌ಲೆಂಡಿನ ಗನ್ನಿಸ್ಟರ್ ಎಂಬಲ್ಲಿ ಸಿಕ್ಕಿದ ಪುಟ್ಟ ಚೀಲವಿದೆ. ಉರುವಲಿಗೆಂದು ಜವುಗುಮಣ್ಣು ಅಗೆಯುವಾಗ ಸುಮಾರು 1700ರ ಕಾಲದ ಒಬ್ಬ ಮನುಷ್ಯನ ಉಡುಪೆಲ್ಲ ಕೆಡದೆ ಸಿಕ್ಕಿತು. ಅವನ ಹಣದ ಚೀಲದಲ್ಲಿ ಬೂದು ನೆಲದ ಮೇಲೆ ಕೆಂಪು–ಬಿಳಿ ಹೆಣಿಗೆ.

ಆ ದ್ವೀಪದ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟಕ್ಕೆ ಕುದುರೆಕೂದಲು ತುಂಬಿದ, ತೂತುಗಳಿದ್ದ ಚರ್ಮದ ಪಟ್ಟಿ. ತೂತಿಗೆ ಒಂದು ಕಡ್ಡಿಯ ತುದಿ ಸಿಕ್ಕಿಸಿದರೆ ಆ ಕಡ್ಡಿ ತಾನೇ ನಿಲ್ಲುತ್ತದೆ. ಹೀಗೆ ಹೆಣೆದ ಶಾಲು, ಕಾಲುಚೀಲ ಅಂಗಡಿಗೆ ಒಯ್ದರೆ ಕೈಗೆ ದುಡ್ಡು ಬರುತ್ತಿರಲಿಲ್ಲ. ಬಟ್ಟೆ ತಗೋ, ಟೀಪುಡಿ ತಗೋ. ಮನೆಯಲ್ಲಿ ಹಿಟ್ಟಿಲ್ಲ ಎಂದರೂ ಟೀಪುಡಿ. ಅದನ್ನೇ ಅಕ್ಕಪಕ್ಕದವರಿಗೆ ಕೊಟ್ಟು ಹಿಟ್ಟು ಪಡೆಯಬೇಕಾಗಿತ್ತು. ಈ ಪದ್ಧತಿಯ ಮೇಲೆ ಸರ್ಕಾರದ ವಿಚಾರಣೆ ನಡೆದು 1872ರಲ್ಲಿ ವರದಿ ಬಂತು. ಹೆಣೆಯುವ ಹೆಂಗಸರೇ ಬಂದು ಸಾಕ್ಷಿ ಹೇಳಿದ್ದರು. 1922ರಲ್ಲಿ ಬ್ರಿಟನ್ನಿನ ಯುವರಾಜ ಸೇಂಟ್ ಆಂಡ್ರೂಸಿನಲ್ಲಿ ಗಾಲ್ಫ್ ಆಡುವಾಗ ಫೇರ್ ಐಲ್ ಸ್ವೆಟರ್ ತೊಟ್ಟ. ಅದು ದೊಡ್ಡ ಫ್ಯಾಶನ್ ಆಯಿತು. ಹೆಣಿಗೆಯ ಪುಸ್ತಕಗಳಲ್ಲಿ ಯುವರಾಜನ ಚಿತ್ರಕ್ಕೆ ಇಡೀ ಪುಟ, ಟೀಪುಡಿಗೆ ಎರಡು ಸಾಲು. ನನಗಂತೂ ಆ ಎರಡು ಬಣ್ಣದ ಅಂಚು ನೋಡಿದಾಗೆಲ್ಲ ದಾರ ಮುಂದೆ, ದಾರ ಹಿಂದೆ ಎಂದು ಸವೆಸಿದ ಹೊತ್ತಿಗೆ ಎಷ್ಟು ಚಮಚ ಟೀಪುಡಿ ಎಂದು ಲೆಕ್ಕ ಹಾಕುವ ಚಾಳಿ ಬಿದ್ದಿದೆ.

ಬಾಲ್ಟಿಕ್ ತೀರದ ಎಸ್ಟೋನಿಯಾ, ಲಾಟ್ವಿಯಾಗಳ ಕೈಗವಸುಗಳಲ್ಲಿ ಅಂಚಿಗೆ ಜಡೆಯೇ ಇರುತ್ತದೆ, ಅಡ್ಡಲಾಗಿ ಮಲಗಿದ ಜಡೆ. ಎರಡು ಬಣ್ಣದ ದಾರವನ್ನೂ ಮುಂದಿಟ್ಟುಕೊಂಡು ಒಂದೊಂದು ಉಲ್ಟಾಕ್ಕೂ ಬಣ್ಣ ಬದಲಿಸುತ್ತ, ಪ್ರತಿಸಲ ಹೊಸ ದಾರವನ್ನು ಹಳೆಯದರ ಮೇಲಿನಿಂದ ತರಬೇಕು. ಮುಂದಿನ ಸುತ್ತಿನಲ್ಲಿ ಕೆಳಗಿನಿಂದ. ಮೊದಲ ಸುತ್ತಿನಲ್ಲಿ ದಾರಗಳು ಹುರಿಗೊಂಡು ಪ್ರಾಣ ತಿನ್ನುತ್ತವೆ. ಗಾಬರಿಯಾಗಬೇಡಿ, ಎರಡನೆಯ ಸುತ್ತಿನಲ್ಲಿ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಲಾಟ್ವಿಯಾದ ಹುಡುಗಿಯರು ಮದುವೆಗೆ ಮೊದಲು ಪೆಟ್ಟಿಗೆ ತುಂಬ ಇಂಥ ಕೈಗವಸು ಹೆಣೆದಿಟ್ಟು ಗಂಡನ ಮನೆಯವರಿಗೆಲ್ಲ ಹಂಚಬೇಕಿತ್ತು. 2006ರಲ್ಲಿ ರೀಗಾ ನಗರದಲ್ಲಿ ನ್ಯಾಟೋ ಸಮ್ಮೇಳನ ನಡೆದಾಗ ಅತಿಥಿಗಳಿಗೆ ಉಡುಗೊರೆಯಾಗಿ ಕೈಯಲ್ಲಿ ಹೆಣೆದ 4,500 ಜೊತೆ ಕೈಗವಸು ಕೊಟ್ಟರಂತೆ. ಬೀಗರ ಕಡೆಯವರು ಎಷ್ಟು ಜನ ಬಂದರೂ ಮನೆಯ ಮರ್ಯಾದೆ ಉಳಿಯಬೇಕಲ್ಲ!

ಅಂಚನ್ನು ಒಳಕ್ಕೆ ಮಡಿಚಿ ಹೊಲಿಯುವ ಕ್ರಮವೂ ಇದೆ. ಮಡಿಚುವ ಸಾಲಿನಲ್ಲಿ ದಾರ ಸುತ್ತಿ ಎರಡು ಕುಣಿಕೆ ಕೂಡಿಸುತ್ತ ಹೋದರೆ ಅಂಚು ಇಲಿಹಲ್ಲಿನಂತೆ ಮುದ್ದಾಗಿ ಬರುತ್ತದೆ. ಮಕ್ಕಳ ಫ್ರಾಕಿಗೆ ಚೆಂದ, ಒಳಮಡಿಕೆಯನ್ನು ಮಾತ್ರ ಸಣ್ಣ ಕಡ್ಡಿಯಲ್ಲಿ ಹೆಣೆಯಿರಿ.

ಅಮ್ಮನ ಸ್ವೆಟರಿಗೆ ನಾನು ಆರಿಸಿದ್ದು ಗರ್ನ್ಸಿಯ ಬೆಸ್ತರ ಅಂಚನ್ನು. ಕೆಳಗಿನಿಂದ ಹೆಣೆದ ತೋಳು ಅಂಚಿನಿಂದ ಬಿಚ್ಚಿ ಬರುವುದಿಲ್ಲ. ಬಾರ್ಡರಿನ ಮೇಲೆ ಒಂದೇ ಒಂದು ಎಳೆ ಕತ್ತರಿಸಿ, ಸಾಲಿನುದ್ದಕ್ಕೂ ಎಳೆ ಬಿಡಿಸಿ, ತೆರೆದ ಕುಣಿಕೆಗಳನ್ನು ಕಡ್ಡಿಗೆ ಏರಿಸಬೇಕು. ಕತ್ತರಿ ಹಿಡಿದಾಗ ನನ್ನ ಕೈ ನಡುಗಿತು. ಅಮ್ಮ ಪಕ್ಕದಲ್ಲೇ ಕೂತು, “ಕತ್ತರಿಸು, ಏನಾಗಲ್ಲ” ಅಂದಳು. ಗಾರ್ಟರ್ ಅಂಚಿಗೆ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಕುಣಿಕೆ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಗಂಟೆಯಂತೆ ಅಗಲವಾಗುತ್ತದೆ. ನಾನು ಬೇಕೆಂದೇ ಕಡಿಮೆ ಮಾಡಲಿಲ್ಲ. ಮೂರು ಇಂಚು ಹೆಣೆದು, ಪಕ್ಕದ ಹೊಲಿಗೆಯನ್ನು ಅಷ್ಟುದ್ದ ಹಾಕದೆ ಸೀಳು ಬಿಟ್ಟೆ.

ಕೈ ಜಾರಿಕೊಂಡು ಹೊರಬಂತು. ಅಮ್ಮ ಕಿಟಕಿಯ ಬೆಳಕಿಗೆ ತೋಳು ಹಿಡಿದು, ಗಂಟುಬೆರಳಿನಿಂದ ಅಂಚಿನುದ್ದಕ್ಕೂ ಕುಣಿಕೆ ಎಣಿಸಿದಳು. ಎಣಿಸಿ, ಮತ್ತೊಮ್ಮೆ ಎಣಿಸಿ, “ಬಲಗೈಲಿ ಒಂದು ಬಿಟ್ಟಿದೀಯ” ಅಂದಳು. ಆ ಚಳಿಗಾಲವೆಲ್ಲ ಹಾಗೇ ತೊಟ್ಟುಕೊಂಡಳು.